ಐದು ತಿಂಗಳು ನೆಲ, ಏಳು ತಿಂಗಳು ನೀರು

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಹರಡಿಕೊಳ್ಳುವ ಅಳಿವೆಯ ಇಕ್ಕೆಲದ ಊರುಗಳಲ್ಲಿ ಗಜನಿ ಎಂಬ ಭೂಮಿ ಇದೆ. ಭೂಮಿ ಎಂದು ಬರೆಯುವಾಗಲೇ ಕೈ ತುಸು ಅಳುಕುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ತೆನೆಗಟ್ಟುತ್ತದೆ. ಕೊಯ್ಲು ಮುಗಿದ ಮೇಲೆ ಉಪ್ಪುನೀರು ಒಳಗೆ ಬಂದು, ಅದೇ ಜಾಗದಲ್ಲಿ ಸಿಗಡಿ, ಏಡಿ, ಮೀನು ಬಲಿಯುತ್ತವೆ. ಜೀವಲೋಕವನ್ನು ನೆಲದ್ದು, ನೀರಿನದ್ದು ಎಂದು ಎರಡು ಬಣ್ಣಗಳಲ್ಲಿ ತೋರಿಸುವ ಭೂಪಟದಲ್ಲಿ ಈ ಗದ್ದೆಗೆ ಯಾವ ಬಣ್ಣ ಬಳಿಯಬೇಕು? ಇದು ಬರಿಯ ಒಗಟಲ್ಲ. ಪಶ್ಚಿಮ ಕರಾವಳಿಯ ಉಪ್ಪುಗದ್ದೆಗಳು ಶತಮಾನಗಳ ಕಾಲ ಬಾಳಿದ್ದು ಈ ಪ್ರಶ್ನೆಗೆ ಯಾರೂ ಉತ್ತರ ಕೇಳದೆ ಇದ್ದುದರಿಂದ. ನೆಲವೋ ನೀರೋ ಒಂದನ್ನು ಆರಿಸು ಎಂದು ಕಾಗದಪತ್ರಗಳು ಪಟ್ಟುಹಿಡಿದಾಗಿನಿಂದ ಅವು ಸೊರಗಿದವು ಎಂಬುದೇ ಇಲ್ಲಿಯ ವಾದ.

ಮೊದಲು ನೆಲ ಮತ್ತು ನೀರಿನ ಅಂತರ ಎಷ್ಟು ಆಳವಾದದ್ದು ಎಂದು ನೋಡಬೇಕು. ಯಾಕೆಂದರೆ ಆ ವಿಂಗಡಣೆ ಸುಳ್ಳಲ್ಲ. 1998ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಂದಾಜಿನಂತೆ ಜಗತ್ತಿನ ಸಸ್ಯಗಳು ವರ್ಷಕ್ಕೆ ಸುಮಾರು 105 ಶತಕೋಟಿ ಟನ್ ಇಂಗಾಲವನ್ನು ಮೈಗೂಡಿಸಿಕೊಳ್ಳುತ್ತವೆ. ಅದರಲ್ಲಿ ನೆಲದ ಪಾಲು 56, ಸಮುದ್ರದ ಪಾಲು 48ಕ್ಕೂ ಮಿಕ್ಕಿ. ದುಡಿಮೆ ಹೆಚ್ಚುಕಡಿಮೆ ಸರಿಸಮ. ಆದರೆ ಕೂಡಿಟ್ಟ ಗಂಟಿನ ಲೆಕ್ಕ ಬೇರೆ. 2018ರ ಇನ್ನೊಂದು ಅಂದಾಜಿನಲ್ಲಿ ಭೂಮಿಯ ಮೇಲಿನ ಸಸ್ಯಗಳ ಮೈಯಲ್ಲಿ 450 ಶತಕೋಟಿ ಟನ್ ಇಂಗಾಲ ಇದ್ದರೆ, ಸಮುದ್ರದ ಎಲ್ಲ ಜೀವಿಗಳನ್ನು ಸೇರಿಸಿದರೂ 6 ಶತಕೋಟಿ ದಾಟುವುದಿಲ್ಲ. ಕಾಡು ಗಳಿಸಿದ್ದನ್ನು ಕಾಂಡದಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ ಕೂಡಿಡುತ್ತದೆ. ನೀರಿನ ಸೂಕ್ಷ್ಮ ಪಾಚಿಗಳು ಹುಟ್ಟಿ ಕೆಲವೇ ದಿನಗಳಲ್ಲಿ ಇನ್ನೊಂದರ ಹೊಟ್ಟೆ ಸೇರುತ್ತವೆ. ಅಲ್ಲಿ ಗಳಿಕೆ ಅಂದಂದೇ ಖರ್ಚು. ಈ ಎರಡು ಸಂಸಾರಗಳ ನಡುವೆ ಕೊಡುಕೊಳೆ ನಡೆಯುವ ಜಾಗ ಅಳಿವೆ. ಹೊಳೆ ಹೊತ್ತು ತಂದ ಕಾಡಿನ ಸಾರ ಅಲ್ಲಿ ಉಬ್ಬರ-ಇಳಿತಕ್ಕೆ ಸಿಕ್ಕಿ ನಿಲ್ಲುತ್ತದೆ. ಜೀವಿಗಳನ್ನು ಒಂದೊಂದಾಗಿ ನೋಡದೆ ಒಂದು ಸಮುದಾಯವಾಗಿ ನೋಡಬೇಕೆಂಬ ಕಲ್ಪನೆಗೆ ಜರ್ಮನಿಯ ಕಾರ್ಲ್ ಮೋಬಿಯಸ್ 1877ರಲ್ಲಿ ಹೆಸರು ಕೊಟ್ಟದ್ದೂ ಇಂಥದೇ ಜಾಗ ನೋಡಿ: ಉಬ್ಬರದ ಬಯಲಿನ ಸಿಂಪಿ ಹಾಸುಗಳನ್ನು. ಪರಿಸರ ವಿಜ್ಞಾನದ ಮೂಲಪಾಠ ಗಡಿಯಲ್ಲಿ ಹುಟ್ಟಿತು. ಗಡಿ ಎಳೆಯುವ ಪಾಠ ಆಮೇಲಿನದು.

ಗಜನಿಯನ್ನು ಮಾಡಿದವರು ಈ ಕೊಡುಕೊಳೆಯನ್ನೇ ಬೇಸಾಯ ಮಾಡಿಕೊಂಡರು. ಗೋವೆಯಲ್ಲಿ ಇದೇ ಬಗೆಯ ಭೂಮಿಗೆ ಖಾಜನ್ ಎನ್ನುತ್ತಾರೆ. ನಮ್ಮ ಗಜನಿ ಅದರ ಸೋದರ ಪದದಂತೆಯೇ ಕೇಳಿಸುತ್ತದೆ. ಸುಮಾರು 6ನೆಯ ಶತಮಾನದ್ದೆಂದು ಎಣಿಸಲಾದ, ಕೊಂಕಣದ ಮೌರ್ಯ ಅರಸ ಅನಿರ್ಜಿತವರ್ಮನ ಬಾಂದೋಡೆ ತಾಮ್ರಪಟದಲ್ಲಿ ಖಜ್ಜನ ಭೂಮಿಗೆ ಒಡ್ಡು ಕಟ್ಟಿ, ಸಮುದ್ರದ ಉಪ್ಪುನೀರು ತಡೆದು, ಗದ್ದೆ ಮಾಡುವ ಮಾತಿದೆ. ತಡೆಯುವುದು ಎಂದರೆ ಪೂರ್ತಿ ಮುಚ್ಚಿಬಿಡುವುದಲ್ಲ ಎಂಬುದನ್ನು ಆಮೇಲಿನ ರೂಢಿ ತೋರಿಸುತ್ತದೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ಬುಡದ ಜೇಡಿಯನ್ನು ಒಟ್ಟಿ ಕಟ್ಟಿದ ಮಣ್ಣಿನ ಒಡ್ಡು. ನಡುವೆ ಅಲ್ಲಲ್ಲಿ ಮರದ ಹಲಗೆಯ ತೂಬು. ಮೂರು ಸಾವಿರ ಮಿಲಿಮೀಟರು ಮೀರುವ ಮುಂಗಾರು ಮಳೆ ಮಣ್ಣಿನ ಉಪ್ಪನ್ನು ತೊಳೆದು ಹೊರಗೆ ಹಾಕುವಾಗ ಮೊಳಕೆ ಬರಿಸಿದ ಕಗ್ಗದ ಬೀಜ ಬೀರುತ್ತಾರೆ. ಗೊಬ್ಬರವಿಲ್ಲ. ಕಗ್ಗ ಎತ್ತರಕ್ಕೆ ಬೆಳೆಯುವ ಭತ್ತ, ನೆರೆಯಲ್ಲಿ ಕೆಲದಿನ ಮುಳುಗಿದರೂ ಸಾಯುವುದಿಲ್ಲ, ಉಪ್ಪಿಗೆ ಬೆದರುವುದಿಲ್ಲ. ಮಳೆ ಹಿಂದೆ ಸರಿದು ಕೊಯ್ಲಾದ ಮೇಲೆ ಉಬ್ಬರಕ್ಕೆ ತೂಬು ತೆರೆದರೆ ಸಿಗಡಿ ಮರಿಗಳು ತಾವಾಗಿಯೇ ಒಳಗೆ ಬರುತ್ತವೆ. ಕೊಳೆಯುವ ಕೂಳೆ ಅವುಗಳ ಮೇವಿಗೆ ಆಸರೆ, ಅವುಗಳ ಹಿಕ್ಕೆ ಮುಂದಿನ ಬೆಳೆಗೆ ಸಾರ. ಇಳಿತದ ಹೊತ್ತಿಗೆ ತೂಬಿನ ಬಾಯಿಗೆ ಬಲೆ ಹಿಡಿದರೆ ಆಯಿತು. ಹುಲ್ಲು ಮಾಡಿದ ಗಳಿಕೆಯನ್ನು ನೀರು ಖರ್ಚು ಮಾಡುತ್ತದೆ, ನೀರು ಉಳಿಸಿದ್ದು ಮತ್ತೆ ಹುಲ್ಲಿಗೆ. ಕೇರಳದ ಪೊಕ್ಕಾಳಿ, ಕೈಪ್ಪಾಡು ಗದ್ದೆಗಳಲ್ಲೂ ಇದೇ ಸರದಿ.

ಆದರೆ ಮಣ್ಣಿನ ಒಡ್ಡಿಗೆ ಆಯುಷ್ಯ ಕಡಿಮೆ. ಏಡಿ ತೂತು ಕೊರೆಯುತ್ತದೆ, ನೆರೆ ಕೊಚ್ಚುತ್ತದೆ, ವರ್ಷವರ್ಷವೂ ದುರಸ್ತಿ ಬೇಕು. ಒಬ್ಬನ ಗದ್ದೆಯ ಬದಿಯ ಒಡ್ಡು ಒಡೆದರೆ ಇಡೀ ಬಯಲಿಗೆ ಉಪ್ಪು ನುಗ್ಗುತ್ತದೆ. ಆದ್ದರಿಂದ ಗಜನಿಯಲ್ಲಿ ಒಂಟಿ ಬೇಸಾಯ ಸಾಧ್ಯವೇ ಇಲ್ಲ. ಒಡ್ಡಿನ ಕೆಲಸಕ್ಕೆ ಊರು ಸೇರಲೇಬೇಕಿತ್ತು, ತೂಬು ಯಾವಾಗ ತೆರೆಯಬೇಕೆಂದು ಒಮ್ಮತಕ್ಕೆ ಬರಲೇಬೇಕಿತ್ತು. ಗೋವೆಯಲ್ಲಿ ಈ ಹೊಣೆ ಗಾಂವ್ಕಾರಿ ಎಂಬ ಊರೊಕ್ಕೂಟದ್ದು. ಪೋರ್ಚುಗೀಸರು ಬಂದಾಗ ಅದನ್ನು ಅಳಿಸಲಿಲ್ಲ. ಅಲ್ಲಿಯ ಹಳ್ಳಿಗಳ ಹಳೆಯ ಕಟ್ಟಳೆಗಳನ್ನು 1526ರಲ್ಲಿ ಫೊರಾಲ್ ಎಂಬ ದಸ್ತಾವೇಜಿನಲ್ಲಿ ಬರೆಸಿಟ್ಟರು. ತೆರಿಗೆ ಸುಗಮವಾಗಿ ಬರಲಿ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದೇ ಇತ್ತೆನ್ನಿ. ಉತ್ತರ ಕನ್ನಡದ ದಾರಿ ಬೇರೆ. 1799ರಲ್ಲಿ ಕೆನರಾ ಬ್ರಿಟಿಷರ ಕೈಸೇರಿತು, 1862ರಲ್ಲಿ ಅದರ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಹೋಯಿತು. ಕಂದಾಯದ ಭಾಷೆಗೆ ಗೊತ್ತಿದ್ದುದು ತರಿ, ಖುಷ್ಕಿ, ಬಾಗಾಯ್ತು. ಮೂರೂ ನೆಲದ ಮಾತುಗಳೇ. ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಉಪ್ಪುನೀರಿನಡಿ ಇರುವ ಗದ್ದೆಗೆ ಅಲ್ಲಿ ಒಂದು ಕಲಂ ಇರಲಿಲ್ಲ. ಉಪ್ಪಿಗಂತೂ ಬೇರೆಯೇ ಇಲಾಖೆ, ಬೇರೆಯೇ ಕಾಯಿದೆ.

ನಿಜವಾದ ಪೆಟ್ಟು ಬಿದ್ದದ್ದು ಒಳ್ಳೆಯ ಉದ್ದೇಶದಿಂದ. ಮುಂಬಯಿ ಸರಕಾರ 1948ರಲ್ಲಿ ಖಾರ್‌ಲ್ಯಾಂಡ್ ಕಾಯಿದೆ ತಂದಿತು: ಉಬ್ಬರದ ನೀರನ್ನು ಹೊರಗಿಟ್ಟು ಚೌಳು ನೆಲವನ್ನು ಸಾಗುವಳಿಗೆ ಒದಗಿಸುವುದು ಅದರ ಗುರಿ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ಯೋಚನೆ ಉಳಿಯಿತು. 1970ರ ದಶಕದ ಹೊತ್ತಿಗೆ ಅಘನಾಶಿನಿಯ ಗಜನಿಗಳಿಗೆ ಸರಕಾರವೇ ಕಲ್ಲಿನ ಕಾಯಂ ಒಡ್ಡು ಕಟ್ಟಿಸಿತು. ಇನ್ನು ಜೇಡಿ ಹೊರಬೇಕಿಲ್ಲ, ಜನ ಸೇರಬೇಕಿಲ್ಲ. ಒಡ್ಡು ಗಟ್ಟಿಯಾದಷ್ಟು ಅದರ ಹಿಂದಿನ ಕೂಟ ಸಡಿಲವಾಯಿತು. ನೆಲದ ಪರವಾಗಿ ಒಂದು ಇಲಾಖೆ ತೀರ್ಪು ಕೊಟ್ಟದ್ದಾಯಿತು. ನೀರಿನ ಪರವಾಗಿ ಮಾರುಕಟ್ಟೆ ಎದುರು ತೀರ್ಪು ಕೊಟ್ಟಿತು. ರಫ್ತಿನ ಸಿಗಡಿಗೆ ಬೆಲೆ ಏರಿದಾಗ ಭತ್ತದ ಸರದಿ ಕೈಬಿಟ್ಟು, ವರ್ಷವಿಡೀ ಉಪ್ಪುನೀರು ನಿಲ್ಲಿಸಿ, ಮರಿ ತಂದು ಬಿಟ್ಟು, ತಿಂಡಿ ಹಾಕಿ ಸಾಕುವುದು ಶುರುವಾಯಿತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ದೇಶದ ಕರಾವಳಿಯ ಸಿಗಡಿ ಹೊಂಡಗಳನ್ನು ಹಾಳುಗೆಡವಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಕೈಗಾರಿಕೆಗೆ ತಡೆ ಹಾಕಿದಾಗ ಸಾಂಪ್ರದಾಯಿಕ ಪದ್ಧತಿಗಳನ್ನು ಅದರಿಂದ ಹೊರಗಿಟ್ಟಿತು. ಎರಡರ ನಡುವೆ ವ್ಯತ್ಯಾಸವಿದೆ ಎಂದು ನ್ಯಾಯಾಲಯಕ್ಕೆ ಕಂಡಿತು. ಅಷ್ಟರಲ್ಲಿ ಬಹಳ ಗಜನಿಗಳಲ್ಲಿ ಕಗ್ಗದ ಬೀಜವೇ ಅಪರೂಪವಾಗಿತ್ತು.

ಇಲ್ಲಿ ಆಕ್ಷೇಪ ಬರುತ್ತದೆ, ಬರಲೇಬೇಕು. ಕಗ್ಗದ ಇಳುವರಿ ಕಡಿಮೆ. ಕೆಸರಲ್ಲಿ ಸೊಂಟದವರೆಗೆ ಇಳಿದು ಒಡ್ಡು ಕಟ್ಟುವ ದುಡಿಮೆಯನ್ನು ದೂರದಿಂದ ಹೊಗಳುವುದು ಸುಲಭ. ಆ ಕೂಟದ ಹಿಂದೆ ಒಡೆಯ-ಒಕ್ಕಲಿನ ಅಸಮಾನತೆಯೂ ಇತ್ತು. ಇದೆಲ್ಲ ನಿಜ. ಗೋವೆಯಲ್ಲಿ 1964ರ ಗೇಣಿ ಕಾಯಿದೆ, ನಮ್ಮಲ್ಲಿ 1974ರ ಭೂಸುಧಾರಣೆ ಉಳುವವನಿಗೆ ಹಕ್ಕು ಕೊಟ್ಟದ್ದನ್ನು ಯಾರೂ ದೂರಬೇಕಿಲ್ಲ. ಆದರೆ ಆ ಕಾಯಿದೆಗಳು ಹಂಚಿದ್ದು ನೆಲವನ್ನು. ತೂಬನ್ನು ಯಾರು ನೋಡಿಕೊಳ್ಳಬೇಕೆಂಬ ಪ್ರಶ್ನೆ ಹಂಚಿಕೆಯಿಂದ ಹೊರಗೇ ಉಳಿಯಿತು. ಕಲ್ಲಿನ ಒಡ್ಡಿನಲ್ಲಿ ದೋಷವಿಲ್ಲ, ಒಡ್ಡಿನ ಜತೆಗೆ ಊರಿನ ಮಾತನ್ನೂ ಕಾಯಂ ಮಾಡಬಹುದೆಂದು ಯಾರಿಗೂ ತೋಚದೆ ಹೋದದ್ದು ದೋಷ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಗಜನಿಯೇ ಕಾಂಡ್ಲ ಕಡಿದು ಮಾಡಿದ್ದಲ್ಲವೇ, ಅದನ್ನು ನಿಸರ್ಗದ ಪಟ್ಟಿಯಲ್ಲಿ ಸೇರಿಸುವುದೇಕೆ? ಸೇರಿಸಬೇಕಿಲ್ಲ. ಮನುಷ್ಯ ಮಾಡಿದ್ದೂ ನೆಲ-ನೀರಿನ ಕೊಡುಕೊಳೆಯನ್ನು ಕಡಿಯದೆ ಇರಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಕಡಿದರೆ ಏನಾಗುತ್ತದೆಂಬ ಸಾಕ್ಷಿ ಪಕ್ಕದಲ್ಲೇ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ವಿದ್ಯುತ್ ಯಂತ್ರ ತಿರುಗಿಸಿದ ಸಿಹಿನೀರು ಬೇಸಿಗೆಯಲ್ಲೂ ಶರಾವತಿಯ ಅಳಿವೆಗೆ ಇಳಿಯತೊಡಗಿತು. ಉಪ್ಪು ಕುಗ್ಗಿ ಬಳಚು ಎಂಬ ಚಿಪ್ಪುಜೀವಿಯ ಸಂಪತ್ತು ಕರಗಿತು. ಕಾಳಿ ಹೊಳೆಯಲ್ಲೂ ಅದೇ ಪಾಡು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬಳಚು ಹೆಕ್ಕುವವರ ಬುಟ್ಟಿ ಈಗಲೂ ತುಂಬುತ್ತದೆ.

ವಿಜ್ಞಾನ ಗಡಿನೆಲವನ್ನು ಮರೆತಿದೆ ಎಂದರೆ ಅನ್ಯಾಯವಾದೀತು. 1971ರ ರಾಮ್ಸಾರ್ ಒಪ್ಪಂದ ಜೌಗು ಎಂಬುದರ ವ್ಯಾಖ್ಯೆಯಲ್ಲಿ ಕೃತಕವಾದದ್ದನ್ನೂ ಉಪ್ಪಾದದ್ದನ್ನೂ ತಾತ್ಕಾಲಿಕವಾದದ್ದನ್ನೂ ಸೇರಿಸಿಕೊಂಡಿದೆ. ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2020ರಲ್ಲಿ ಹೊರತಂದ ಜಾಗತಿಕ ವರ್ಗೀಕರಣದಲ್ಲಿ ನೆಲ, ಸಿಹಿನೀರು, ಸಮುದ್ರ ಮೂರೂ ಕೂಡುವ ಒಂದು ನಡುವಲಯವೇ ಇದೆ. ಕಾಂಡ್ಲ ಕಾಡಿಗೆ ಅಲ್ಲಿ ಸ್ಥಾನ ಸಿಕ್ಕಿದೆ. ಸ್ವಾರಸ್ಯವೆಂದರೆ ಆ ನಡುವಲಯದಲ್ಲಿ ಮನುಷ್ಯ ಮಾಡಿದ್ದಕ್ಕೆ ಪ್ರತ್ಯೇಕ ಮನೆಯಿಲ್ಲ. ಭತ್ತದ ಗದ್ದೆ ಹೋಗುವುದು ಸಿಹಿನೀರಿನ ಕೃತಕ ವಲಯಕ್ಕೆ, ಉಪ್ಪುನೀರಿನ ಮೀನುಸಾಕಣೆ ಸಮುದ್ರದ ಕೃತಕ ವಲಯಕ್ಕೆ. ಮುಂಗಾರಿನಲ್ಲಿ ಒಂದು ಕಲಂ, ಚಳಿಗಾಲದಲ್ಲಿ ಇನ್ನೊಂದು: ಹಳೆಯ ಪಹಣಿಯ ಪೇಚಾಟ ಹೊಸ ಪಟ್ಟಿಗೂ ತಪ್ಪಿಲ್ಲ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರು ರಾಮ್ಸಾರ್ ತಾಣವಾಯಿತು. ಅಲ್ಲಿಯ ಬದುಕನ್ನು ಬಣ್ಣಿಸುವಾಗ ಬಳಚು, ಏಡಿ, ಉಪ್ಪುಗಳ ಸಾಲಿನಲ್ಲಿ ಈ ಗದ್ದೆಯ ಮೀನುಗಾರಿಕೆಯೂ ಬಂತು. ಉಳಿದವಕ್ಕೆಲ್ಲ ಇಂಗ್ಲಿಷಿನ ಹೆಸರೇ ಸಾಕಾಯಿತು; ಗದ್ದೆಯ ಬಳಿ ಬಂದಾಗ ಮಾತ್ರ ಊರವರು ಕರೆಯುವ ಹೆಸರನ್ನೂ ಸೇರಿಸಿ ಗಜನಿ ಎಂದೇ ಬರೆದರು.