ಸಂಡಾಸ ಎಣಿಸಿದೆವು, ಗುಂಡಿ ಎಣಿಸಲಿಲ್ಲ

ಇವತ್ತಿನ ಸಂಚಿಕೆಯ ವಿಷಯ ಊಟದ ಹೊತ್ತಿನಲ್ಲಿ ಕೇಳುವಂಥದ್ದಲ್ಲ, ಮೊದಲೇ ಹೇಳಿಬಿಡ್ತೀನಿ. ನಾನು ಮಾತಾಡಲು ಹೊರಟಿರುವುದು ಮನೆ ಹಿಂದಿನ ಸಂಡಾಸದ ಗುಂಡಿಯ ಬಗ್ಗೆ. ಸಂಡಾಸದ ಬಗ್ಗೆ ಅಲ್ಲ, ಅದರ ಕೆಳಗಿನ ಗುಂಡಿಯ ಬಗ್ಗೆ. ಸಂಡಾಸದ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ, ಗುಂಡಿಯದನ್ನು ಬರೆದವರು ಕಡಿಮೆ.

ಜಾಗ ಕುಂದಗೋಳ ತಾಲ್ಲೂಕಿನ ಯರಗುಪ್ಪಿ ಸೀಮೆ. ಹುಬ್ಬಳ್ಳಿಯಿಂದ ದೂರವೇನಲ್ಲ. ಸುತ್ತ ಎರಿ ಭೂಮಿ: ಹತ್ತಿ, ಮೆಣಸಿನಕಾಯಿ, ಕಡಲಿ, ಜೋಳ. ಈ ಮಣ್ಣಿನ ಗುಣ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ, ನೀರನ್ನು ಕೆಳಗೆ ಬಿಡೋದಿಲ್ಲ. ಬ್ಯಾಸಗಿ ಬಂದರೆ ಕೈ ಹೋಗುವಷ್ಟು ಅಗಲ ಬಿರುಕು ಬಿಡುತ್ತದೆ. ಈ ಎರಡು ಗುಣ ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಇನ್ನೊಂದು ಗುಣ ಅಂದರೆ ಇಲ್ಲಿನ ಅಂತರ್ಜಲ. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆ ಬಹಳ ಊರುಗಳಲ್ಲಿ ಭೂಮಿಯೊಳಗಿನ ನೀರು ಸವಳು. ಅದಕ್ಕೇ ನಮ್ಮ ಹಿರಿಯರು ಕುಡಿಯಲು ಕೆರೆ ಕಟ್ಟಿದರು. ಊರ ಕೆರೆಯಲ್ಲಿ ಎಮ್ಮೆ ಇಳಿಸಬಾರದು, ಬಟ್ಟೆ ಒಗೆಯಬಾರದು, ಚಪ್ಪಲಿ ಹಾಕಿಕೊಂಡು ಇಳಿಯಬಾರದು ಎನ್ನುವ ಕಟ್ಟುಪಾಡು ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಇದೆ. ಇದು ಬರೇ ಮಡಿವಂತಿಕೆ ಅಲ್ರೀ. ಬೇರೆ ಸಿಹಿ ನೀರು ಇಲ್ಲದ ಊರಿನ ಕಾನೂನು ಅದು, ಯಾವ ಗೆಜೆಟ್‌ನಲ್ಲೂ ಅಚ್ಚಾಗದ ಕಾನೂನು.

ಹಾಗಾದರೆ ಅಚ್ಚಾದ ಕಾನೂನು ಯಾವಾಗ ಬಂತು? ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1889ರಲ್ಲಿ ಆ ಪ್ರಾಂತ್ಯದ ಹಳ್ಳಿಗಳಿಗೆಂದೇ ಗ್ರಾಮ ನೈರ್ಮಲ್ಯ ಕಾಯ್ದೆ ಬಂತು. ಊರಿಗೊಂದು ಸ್ವಚ್ಛತಾ ಸಮಿತಿ ಮಾಡಲು ಅದರಲ್ಲಿ ಅವಕಾಶವಿತ್ತು. ಆದರೆ ಇಲ್ಲೊಂದು ತಮಾಷೆ ನೋಡ್ರಿ. ಕುಂದಗೋಳ ಪಟ್ಟಣ ಬ್ರಿಟಿಷರದಾಗಿರಲಿಲ್ಲ, 1948ರವರೆಗೂ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಹುಬ್ಬಳ್ಳಿ ಬ್ರಿಟಿಷರ ಕೈಯಲ್ಲಿ. ಹಳ್ಳ ಒಂದೇ, ಮಣ್ಣು ಒಂದೇ, ಕಾಯ್ದೆ ಮಾತ್ರ ಗಡಿಗೊಂದು. ನೀರಿಗೆ ಗಡಿ ತಿಳಿಯೋದಿಲ್ಲ ಎನ್ನುವುದು ಆಗಲೂ ಸಮಸ್ಯೆ, ಈಗಲೂ ಸಮಸ್ಯೆ.

ಮನೆಯ ಗುಂಡಿಗೂ ಕುಡಿಯುವ ನೀರಿಗೂ ಸಂಬಂಧ ಇದೆ ಎನ್ನುವುದು ಜಗತ್ತಿಗೆ ತಿಳಿದದ್ದು ಲಂಡನ್ನಿನಲ್ಲಿ. 1854ರ ಬ್ರಾಡ್ ಸ್ಟ್ರೀಟ್ ಕಾಲರಾ, ಡಾಕ್ಟರ್ ಜಾನ್ ಸ್ನೋ, ಬಾವಿಯ ಪಂಪಿನ ಹಿಡಿಕೆ ತೆಗೆಸಿದ್ದು. ಇದನ್ನು ಶಾಲೆಯಲ್ಲಿ ಓದಿರ್ತೀರಿ. ಕಡಿಮೆ ಮಂದಿ ಓದಿರುವ ಭಾಗ ಬೇರೆ ಇದೆ. ಆ ಬಾವಿಗೆ ರೋಗ ಬಂದದ್ದು ಪಕ್ಕದ ಒಂದೇ ಒಂದು ಮನೆಯ ಮಲದ ಗುಂಡಿಯಿಂದ. ಆ ಮನೆಯ ಕೂಸಿಗೆ ಭೇದಿಯಾಗಿತ್ತು. ಬಟ್ಟೆ ತೊಳೆದ ನೀರನ್ನು ಗುಂಡಿಗೆ ಚೆಲ್ಲಿದ್ದರು. ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ ಅದನ್ನು ಪತ್ತೆ ಹಚ್ಚಿದರು. ಆಮೇಲೆ ಅಗೆದು ನೋಡಿದರೆ ಗುಂಡಿಯ ಇಟ್ಟಿಗೆ ಗೋಡೆ ಸಡಿಲಾಗಿತ್ತು, ಗುಂಡಿಗೂ ಬಾವಿಗೂ ಮೂರು ಅಡಿ ಅಂತರವೂ ಇರಲಿಲ್ಲ. 600ಕ್ಕೂ ಹೆಚ್ಚು ಜನ ಸತ್ತರು.

ಇಷ್ಟಾದ ಮೇಲೆ ಯುರೋಪು ಎರಡು ದಾರಿ ಹಿಡಿಯಿತು. ದೊಡ್ಡ ಊರಿಗೆ ಒಳಚರಂಡಿ, ಚಿಕ್ಕ ಊರಿಗೆ ಮುಚ್ಚಿದ ತೊಟ್ಟಿ. ಫ್ರಾನ್ಸಿನ ಮೂರಾಸ್ 1881ರಲ್ಲಿ ಇಂಥ ತೊಟ್ಟಿಗೆ ಪೇಟೆಂಟ್ ಪಡೆದ. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದಲ್ಲಿ ಡೊನಾಲ್ಡ್ ಕ್ಯಾಮರಾನ್ ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟ. ತಡವಾಗಲಿಲ್ಲ, ಆ ಶತಮಾನ ಮುಗಿಯುವ ಹೊತ್ತಿಗೇ ಮುಂಬೈಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಲ್ಲಿ ಅಂಥ ತೊಟ್ಟಿ ಬಂದಿತ್ತು. ಅದರ ಗ್ಯಾಸನ್ನೂ ಉಪಯೋಗಿಸುತ್ತಿದ್ದರು.

ಆದರೆ ಸೆಪ್ಟಿಕ್ ಟ್ಯಾಂಕ್ ಬಗ್ಗೆ ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಟ್ಯಾಂಕು ಹೊಲಸನ್ನು ಶುದ್ಧ ಮಾಡ್ತದ ಅಂತ. ಇಲ್ರೀ. ಟ್ಯಾಂಕಿನೊಳಗೆ ಗಟ್ಟಿ ಭಾಗ ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಹೊರಗೆ ಹೋಗುತ್ತದೆ. ಆ ನೀರಲ್ಲಿ ರೋಗಾಣು ಹಾಗೇ ಇರ್ತಾವೆ. ಅವನ್ನು ಸೋಸಿ ಕೊಲ್ಲುವ ಕೆಲಸ ಮಣ್ಣಿನದು. ಅಂದರೆ ಅರ್ಧ ಯಂತ್ರ ಸಿಮೆಂಟಿನದು, ಇನ್ನರ್ಧ ನೆಲದ್ದು. ಸಿಮೆಂಟು ಎಲ್ಲಾ ಕಡೆ ಒಂದೇ. ನೆಲ ಒಂದೇ ಅಲ್ಲ.

ಎರಿ ನೆಲದಲ್ಲಿ ಆಗೋದೇನು? ಮಳೆಗಾಲದಲ್ಲಿ ಮಣ್ಣು ನೀರು ಕುಡಿಯೋದಿಲ್ಲ, ಗುಂಡಿ ತುಂಬಿ ನಿಲ್ಲುತ್ತದೆ. ಮನೆಯವರು ಒಂದು ಪೈಪು ಹಾಕಿ ರಸ್ತೆ ಗಟಾರಕ್ಕೆ ಬಿಡ್ತಾರೆ. ಗಟಾರ ಹಳ್ಳಕ್ಕೆ ಸೇರುತ್ತದೆ. ಬ್ಯಾಸಗಿಯಲ್ಲಿ ಉಲ್ಟಾ: ಬಿರುಕಿನೊಳಗೆ ಹೊಲಸು ನೀರು ಸೋಸದೇ ಸರಸರ ಇಳಿದುಬಿಡುತ್ತದೆ. ಇದನ್ನು ಸರಕಾರದ ಎಂಜಿನಿಯರರು ತಿಳಿಯದವರಲ್ಲ. ಭಾರತೀಯ ಮಾನಕ ಸಂಸ್ಥೆಯ 1985ರ ಸೆಪ್ಟಿಕ್ ಟ್ಯಾಂಕ್ ಸಂಹಿತೆ ನೀರು ಇಂಗುವ ಜಾಗ ಬಾವಿಯಿಂದ 18 ಮೀಟರ್ ದೂರ ಇರಬೇಕು ಅನ್ನುತ್ತದೆ, ಮೊದಲು ಮಣ್ಣು ಪರೀಕ್ಷಿಸಿ ಅನ್ನುತ್ತದೆ. ಅವಳಿ ಗುಂಡಿ ಸಂಡಾಸಕ್ಕೂ ಎರಿ ಮಣ್ಣಿನಲ್ಲಾದರೆ ಗುಂಡಿಯ ಸುತ್ತ 30 ಸೆಂಟಿಮೀಟರ್ ದಪ್ಪ ಮರಳಿನ ಪದರ ಹಾಕಬೇಕು ಎಂಬ ನಿಯಮ ಇದೆ. ಆದರೆ ಸಂಹಿತೆ ಪುಸ್ತಕದಲ್ಲಿದೆ, ಗುಂಡಿ ತೋಡುವವರ ಕೈಯಲ್ಲಿಲ್ಲ.

ಯಾಕೆ ಇಲ್ಲ? ಇಲ್ಲಿ ಇತಿಹಾಸದ ಮುಖ್ಯ ತಿರುವು ಬರುತ್ತದೆ. ನಮ್ಮಲ್ಲಿ ಗುಂಡಿಯ ಪ್ರಶ್ನೆ ಜಾತಿಯ ಪ್ರಶ್ನೆಯಾಗಿತ್ತು. ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದಿದ್ದಾಗ ಗುಂಡಿ ಹೇಗಿದೆ ಎಂದು ನೋಡುವ ಗರಜು ಯಾರಿಗೂ ಬೀಳಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದ ಕಾಯ್ದೆ ಬಂದದ್ದು 1993ರಲ್ಲಿ. ಆದರೂ 2010ರ ಜುಲೈನಲ್ಲಿ, ಇಲ್ಲೇ ಪಕ್ಕದ ಸವಣೂರಿನಲ್ಲಿ, ಭಂಗಿ ಸಮುದಾಯದವರು ತಮ್ಮನ್ನು ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಇಡೀ ರಾಜ್ಯ ತಲೆ ತಗ್ಗಿಸಿತು. 2013ರ ಹೊಸ ಕಾಯ್ದೆ ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸುವುದನ್ನೂ ಅಪರಾಧ ಮಾಡಿತು. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಅಂದರೆ ಸಾವು ಇನ್ನೂ ನಿಂತಿಲ್ಲ.

ಇನ್ನು ಪಂಚಾಯತಿ ಕಡೆ ಬರೋಣ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತಿಗೆ ಒಂದು ಕಡ್ಡಾಯ ಕೆಲಸ ಕೊಟ್ಟಿದೆ: ಪ್ರತಿ ವರ್ಷ ಕನಿಷ್ಠ ಶೇ 10 ಮನೆಗಳಿಗೆ ಶೌಚಾಲಯ ಒದಗಿಸಬೇಕು. ಆಮೇಲೆ ಬಂದದ್ದೆಲ್ಲ ಎಣಿಕೆಯ ಯೋಜನೆಗಳೇ. 1995ರ ಅಕ್ಟೋಬರ್ 2ರಂದು ನಿರ್ಮಲ ಗ್ರಾಮ, ಆಮೇಲೆ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರಲ್ಲಿ ಸ್ವಚ್ಛ ಭಾರತ, ಮನೆಗೆ 12,000 ರೂಪಾಯಿ. 2018ರಲ್ಲಿ ಗ್ರಾಮೀಣ ಕರ್ನಾಟಕ ಬಯಲು ಶೌಚಮುಕ್ತ ಎಂಬ ಘೋಷಣೆ. ಕತ್ತಲಾಗುವುದನ್ನೇ ಕಾಯುತ್ತಿದ್ದ ಹೆಣ್ಣುಮಕ್ಕಳಿಗೆ ಇದು ದೊಡ್ಡ ಬಿಡುಗಡೆ. ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಪ್ರತಿಯೊಂದು ಫೋಟೊದಲ್ಲೂ ಇದ್ದದ್ದು ಬಾಗಿಲು, ಗೋಡೆ, ಮನೆಯ ಯಜಮಾನ. ಗುಂಡಿಯ ಫೋಟೊ ಯಾರೂ ಕೇಳಲಿಲ್ಲ.

ಗುಂಡಿ ತುಂಬಿದರೆ ಈಗ ಟ್ರ್ಯಾಕ್ಟರ್ ಹೀರುಯಂತ್ರ ಬರುತ್ತದೆ. ಅದು ಹೀರಿದ್ದನ್ನು ಎಲ್ಲಿ ಸುರಿಯುತ್ತದೆ? ದೇವನಹಳ್ಳಿಯಲ್ಲಿ 2015ರಲ್ಲಿ ದೇಶದಲ್ಲೇ ಮೊದಲ ಪಟ್ಟಣ ಮಟ್ಟದ ಮಲ ಕೆಸರು ಸಂಸ್ಕರಣಾ ಘಟಕ ಆಯಿತು. ಅಂಥ ಘಟಕ ಹತ್ತಿರ ಇಲ್ಲದಿದ್ದರೆ ಉಳಿಯೋದು ಹೊಲ ಇಲ್ಲವೇ ಹಳ್ಳ. ಹೊಲಕ್ಕೆ ಹಾಕುವುದು ನಮ್ಮ ಕಡೆ ಹೊಸದಲ್ಲ. ಹುಬ್ಬಳ್ಳಿಯ ಚರಂಡಿ ನೀರಿನಲ್ಲಿ ಬಿಡನಾಳ, ಗಬ್ಬೂರು ಕಡೆಯ ರೈತರು ಬೆಳೆ ತೆಗೆಯುವುದನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮತ್ತು ಬ್ರಿಟನ್ನಿನ ಸಂಶೋಧಕರು 2000ದ ಆಸುಪಾಸಿನಲ್ಲೇ ದಾಖಲಿಸಿದ್ದಾರೆ. ಗೊಬ್ಬರದ ಖರ್ಚು ಉಳಿಯುತ್ತದೆ, ಕೀಟ ಕಳೆ ರೋಗ ಹೆಚ್ಚುತ್ತವೆ. ಹಸಿ ಮಲಕ್ಕೂ ಕಳಿತ ಗೊಬ್ಬರಕ್ಕೂ ವ್ಯತ್ಯಾಸ ಇದೆ: ಅವಳಿ ಗುಂಡಿಯಲ್ಲಿ ತುಂಬಿದ್ದನ್ನು ಮುಚ್ಚಿ ಒಂದೂವರೆ ಎರಡು ವರ್ಷ ಬಿಟ್ಟರೆ ರೋಗಾಣು ಸಾಯುತ್ತವೆ. ಆಳದ ಒಂದೇ ರಿಂಗ್ ಗುಂಡಿ ತೋಡಿ ಹೀರಿಸಿದರೆ ಅದು ಹಸಿಯೇ. ಹಳ್ಳಕ್ಕೆ ಹೋದದ್ದು ಬೆಣ್ಣಿಹಳ್ಳದ ದಾರಿ ಹಿಡಿಯುತ್ತದೆ. ಬೆಣ್ಣಿಹಳ್ಳ ಕುಂದಗೋಳ, ನವಲಗುಂದ ದಾಟಿ ಮಲಪ್ರಭೆಗೆ ಸೇರುತ್ತದೆ. ಹೀಗೆ ಯರಗುಪ್ಪಿಯ ಗುಂಡಿ ಬರೇ ಯರಗುಪ್ಪಿಯದಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು, ನೈಟ್ರೇಟ್. ನೀರು ಕುದಿಸಿದರೂ ಅದು ಹೋಗೋದಿಲ್ಲ. ಬಾವಿ ನೀರಿನ ನೈಟ್ರೇಟಿನಿಂದ ಹಸುಗೂಸುಗಳ ಮೈ ನೀಲಿಗಟ್ಟುತ್ತದೆ ಎಂದು ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ಬರೆದರು. ನಮ್ಮ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಗೊಬ್ಬರದಿಂದಲೂ ಅದು ಬರುತ್ತದೆ, ಗುಂಡಿಯಿಂದಲೂ ಬರುತ್ತದೆ.

ಸರಿ, ಕಾಯ್ದೆ ತಂದರೆ ಹಳ್ಳಿ ಜನ ಒಪ್ತಾರಾ? ಐರ್ಲೆಂಡ್ ನೋಡೋಣ. ಅಲ್ಲಿ ಸುಮಾರು 5 ಲಕ್ಷ ಮನೆಗಳಿಗೆ ಸೆಪ್ಟಿಕ್ ಟ್ಯಾಂಕೇ ಗತಿ. ಅವನ್ನು ಸರಿಯಾಗಿ ನಿಯಂತ್ರಿಸಿಲ್ಲ ಎಂದು 2009ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟಿತು, 2012ರಲ್ಲಿ 20 ಲಕ್ಷ ಯೂರೊ ದಂಡವನ್ನೂ ಹಾಕಿತು. ಸರಕಾರ ಪ್ರತಿ ಟ್ಯಾಂಕನ್ನೂ ನೋಂದಾಯಿಸಿ ಎಂದಿತು, ಶುಲ್ಕ 50 ಯೂರೊ. ರೈತರು ಬೀದಿಗಿಳಿದರು. ಪಟ್ಟಣದವರ ಚರಂಡಿಗೆ ಸರಕಾರದ ದುಡ್ಡು, ನಮ್ಮ ಗುಂಡಿಗೆ ನಮ್ಮದೇ ದುಡ್ಡಾ? ನ್ಯಾಯವಾದ ಪ್ರಶ್ನೆ. ಬೇಗ ನೋಂದಾಯಿಸಿದವರಿಗೆ 5 ಯೂರೊ ಸಾಕು ಎಂದು ಇಳಿಸಬೇಕಾಯಿತು. ಆದರೆ 2009ರ ತೀರ್ಪಿನಲ್ಲಿ ನನಗೆ ಇಷ್ಟವಾದದ್ದು ಬೇರೆ. ಇಡೀ ದೇಶ ತಪ್ಪಿತಸ್ಥ, ಒಂದು ಜಿಲ್ಲೆ ಬಿಟ್ಟು. ಕ್ಯಾವನ್ ಎಂಬ ಆ ಜಿಲ್ಲೆಯವರು 2004ರಲ್ಲೇ ತಮ್ಮದೇ ಉಪವಿಧಿ ಮಾಡಿಕೊಂಡು ಟ್ಯಾಂಕ್ ತಪಾಸಣೆಗೆ ಇಳಿದಿದ್ದರು. ಡಬ್ಲಿನ್ನಿನ ಹುಕುಮಿಗಾಗಿ ಕಾಯಲಿಲ್ಲ.

ಇದು ನಮಗೆ ಆಗೋದಲ್ಲ ಎನ್ನುವವರಿಗೆ ನಾರುಹುಣ್ಣಿನ ನೆನಪು ಮಾಡಿಕೊಡ್ತೀನಿ. ಕಾಲಿನಿಂದ ಹುಳ ಎಳೆದು ಕಡ್ಡಿಗೆ ಸುತ್ತುತ್ತಿದ್ದ ಆ ರೋಗ ನಮ್ಮ ಉತ್ತರ ಕರ್ನಾಟಕದಲ್ಲೂ ಇತ್ತು. ಅದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. 1980ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ಊರೂರು ಸುತ್ತಿ ಇಳಿದು ನೀರು ತರುವ ಮೆಟ್ಟಿಲು ಬಾವಿಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು, ಸೇದುವ ಬಾವಿ ಮಾಡಿಸಿದರು, ನೀರು ಸೋಸಿ ಕುಡಿಯಲು ಕಲಿಸಿದರು. 2000ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣು ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಬಾವಿ ಎಣಿಸಿದ ನಾಡು ಗುಂಡಿ ಎಣಿಸಲಾರದೇ?

ನನ್ನ ಮಾತು ಇಷ್ಟೇ. ದಂಡ ಹಾಕಿ ಅಂತ ನಾನು ಹೇಳೋದಿಲ್ಲ. ಮೊದಲು ದಫ್ತರ ಬೇಕು. ಪಂಚಾಯತಿ ಮನೆ ಕಟ್ಟಲು ಪರವಾನಗಿ ಕೊಡುತ್ತದಲ್ಲ, ಅದೇ ಕಾಗದದಲ್ಲಿ ಮೂರು ಸಾಲು ಸೇರಿಸಲಿ: ಗುಂಡಿ ಯಾವ ನಮೂನೆಯದು, ಕೆರೆ ಬಾವಿ ಬೋರ್‌ವೆಲ್‌ನಿಂದ ಎಷ್ಟು ದೂರ, ಕೊನೆಗೆ ಯಾವಾಗ ಖಾಲಿ ಮಾಡಿದ್ದು ಮತ್ತು ಎಲ್ಲಿ ಸುರಿದದ್ದು. ಎರಿ ನೆಲದಲ್ಲಿ ಮರಳಿನ ಪದರಕ್ಕೆ ಬೇಕಾದ ಹೆಚ್ಚಿನ ದುಡ್ಡನ್ನು ಸರಕಾರ ಕೊಡಲಿ, ಯಾಕಂದ್ರೆ ಆ ಮಣ್ಣನ್ನು ಯಾರೂ ಆರಿಸಿಕೊಂಡು ಹುಟ್ಟಿಲ್ಲ. ನಾಲ್ಕಾರು ಪಂಚಾಯತಿ ಸೇರಿ ಒಂದು ಸಂಸ್ಕರಣಾ ಘಟಕ ಕೇಳಲಿ. ಕೆರೆಗೆ ಚಪ್ಪಲಿ ಹಾಕಿ ಇಳಿಯಬಾರದು ಎಂದು ನಿಯಮ ಮಾಡಿಕೊಂಡವರು ನಾವೇ. ಈಗ ಅದೇ ನಿಯಮವನ್ನು ನೆಲದ ಕೆಳಗೂ ಇಳಿಸಬೇಕಾಗಿದೆ.

ನಿಮ್ಮ ಊರಿನಲ್ಲಿ ಹೀರುಯಂತ್ರದ ಟ್ರ್ಯಾಕ್ಟರ್ ಎಲ್ಲಿ ಖಾಲಿಯಾಗುತ್ತದೆ? ಮುಂದಿನ ಗ್ರಾಮಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬಂದರೆ ನಮಗೂ ಬರೆದು ತಿಳಿಸಿ.