ಹುದುಲಿನ ಮೇಲೆ ಹಾಸಿದ ನೆಲ: ತಾತ್ಕಾಲಿಕ ನೆಲಹಾಸುಗಳು ಬೆಳೆದು ಬಂದ ಬಗೆ

ಮೆತ್ತನೆಯ ನೆಲದ ಮೇಲೆ ಭಾರದ ಯಂತ್ರ ನಿಲ್ಲಬೇಕಾದಾಗ ಅದರ ಕೆಳಗೆ ಹಾಸಿ, ಕೆಲಸ ಮುಗಿದ ಮೇಲೆ ಎತ್ತಿ ಬೇರೆಡೆಗೆ ಒಯ್ಯುವ ಹಲಗೆ, ತಗಡು, ಚಾಪೆಗಳೇ ತಾತ್ಕಾಲಿಕ ನೆಲಹಾಸುಗಳು. ಕ್ರೇನು, ಹಿಟಾಚಿ, ಪೈಲಿಂಗ್ ಯಂತ್ರ, ಟ್ರಾನ್ಸ್‌ಫಾರ್ಮರ್ ಹೊತ್ತ ಟ್ರೇಲರ್ ಇವೆಲ್ಲ ಇವುಗಳನ್ನೇ ನಂಬಿ ಜೌಗಿಗೆ ಇಳಿಯುತ್ತವೆ. ಪಕ್ಕಾ ರಸ್ತೆ ಉಳಿಯುವುದಕ್ಕೆಂದೇ ಕಟ್ಟಿದ್ದು. ನೆಲಹಾಸು ಹೊರಟುಹೋಗುವುದಕ್ಕೆಂದೇ ಹಾಸಿದ್ದು. ಹರಡುವುದು, ಒಂದಕ್ಕೊಂದು ಕೂಡಿಕೊಳ್ಳುವುದು, ಬಿಚ್ಚಿಕೊಂಡು ಹೋಗುವುದು ಎಂಬ ಮೂರು ಬೇಡಿಕೆಗಳನ್ನು ಪೂರೈಸುತ್ತ ಈ ಕ್ಷೇತ್ರ ಬೆಳೆದಿದೆ. ಯಂತ್ರ ಹೂತುಹೋಗದಂತೆ ಕಾಯುವುದು ಇದರ ಮೊದಲ ಗುರಿಯಾಗಿತ್ತು. ಯಂತ್ರದಿಂದ ನೆಲವನ್ನು ಕಾಯುವುದೂ ಅಷ್ಟೇ ಮುಖ್ಯವೆಂಬ ಅರಿವು ಬಂದದ್ದು ಬಹಳ ತಡವಾಗಿ.

ಭಾರ ಹಂಚುವ ಲೆಕ್ಕ

ನೆಲಹಾಸು ನೆಲದ ಬಲವನ್ನು ಹೆಚ್ಚಿಸುವುದಿಲ್ಲ. ಇರುವ ಅಲ್ಪ ಬಲವನ್ನೇ ಹೆಚ್ಚು ವಿಸ್ತಾರದಿಂದ ಒಟ್ಟುಮಾಡಿಕೊಡುತ್ತದೆ. ಒಂದು ಕ್ರೇನು ಭಾರ ಎತ್ತುವಾಗ ಅದು ಬದಿಗೆ ಚಾಚಿ ಊರುವ ಔಟ್‌ರಿಗರ್ ಕಾಲುಗಳಲ್ಲಿ ಒಂದರ ಮೇಲೆ 60 ಟನ್ ಬೀಳುತ್ತದೆ ಎಂದುಕೊಳ್ಳೋಣ. ಕಾಲಿನ ಪಾದ 60 ಸೆಂಟಿಮೀಟರ್ ಚೌಕವಾಗಿದ್ದರೆ ಅದರ ವಿಸ್ತೀರ್ಣ 0.36 ಚದರ ಮೀಟರ್. ಅಂದರೆ ಚದರ ಮೀಟರಿಗೆ ಸುಮಾರು 167 ಟನ್ ಒತ್ತಡ. ಕೆಳಗಿರುವುದು ಚದರ ಮೀಟರಿಗೆ 2.5 ಟನ್ ಕತ್ತರಿಕೆ ಬಲದ ಮೆತ್ತನೆಯ ಜೇಡಿ ಎಂದಾದರೆ, ಅದು ಕುಸಿಯುವ ಮಿತಿ ಆ ಬಲದ ಸುಮಾರು 5.14 ಪಟ್ಟು, ಎಂದರೆ 13 ಟನ್ನಿನ ಹತ್ತಿರ. ಸುರಕ್ಷತೆಗಾಗಿ ಅದರಲ್ಲಿ ಅರ್ಧವನ್ನಷ್ಟೇ ಬಳಸಿದರೆ 60 ಟನ್ ಹೊರಲು 9 ಚದರ ಮೀಟರಿಗೂ ಮಿಕ್ಕಿದ ನೆಲ ಬೇಕು. ಪಾದ ಮುಟ್ಟುವ ಜಾಗದ ಇಪ್ಪತ್ತೈದು ಪಟ್ಟಿಗಿಂತ ಹೆಚ್ಚು ಜಾಗಕ್ಕೆ ಭಾರವನ್ನು ಹರಡುವುದೇ ನೆಲಹಾಸಿನ ಕೆಲಸ.

ಅಗಲವೊಂದೇ ಸಾಲದು, ಬಿಗಿತವೂ ಬೇಕು. ಹಾಸು ತೆಳುವಾಗಿದ್ದರೆ ಪಾದದ ಕೆಳಗೆ ಬಾಗುತ್ತದೆ, ಅಂಚುಗಳು ಮೇಲೇಳುತ್ತವೆ. ಆಗ ಭಾರವೆಲ್ಲ ನಡುವಿನ ಸಣ್ಣ ಜಾಗದ ಮೇಲೆಯೇ ಕೂರುತ್ತದೆ. ಅಂಚಿನ ಭಾಗ ನೋಡಲು ಇದ್ದರೂ ದುಡಿಯುವುದಿಲ್ಲ.

ಮರದ ಹಾದಿಗಳು

ಜೌಗಿನ ಮೇಲೆ ಮರ ಹಾಸುವ ಪದ್ಧತಿ ಸಾವಿರಾರು ವರ್ಷಗಳಷ್ಟು ಹಳೆಯದು. ಇಂಗ್ಲೆಂಡಿನ ಸಾಮರ್‌ಸೆಟ್ ತಗ್ಗುನಾಡಿನಲ್ಲಿ 1970ರಲ್ಲಿ ಪತ್ತೆಯಾದ ಸ್ವೀಟ್ ಟ್ರ್ಯಾಕ್ ಎಂಬ ಹಾದಿಯ ಕಾಲವನ್ನು ಮರದ ವರ್ಷಬಳೆಗಳ ಎಣಿಕೆಯಿಂದ ಕ್ರಿ.ಪೂ. 3807–3806 ಎಂದು ಗುರುತಿಸಲಾಗಿದೆ. ಗೂಟಗಳನ್ನು ಕತ್ತರಿಯಾಕಾರದಲ್ಲಿ ಕೆಸರಿಗೆ ಹೊಡೆದು, ಅವು ಕೂಡುವ ಕವಲಿನ ಮೇಲೆ ಓಕ್ ಹಲಗೆಗಳನ್ನು ಉದ್ದಕ್ಕೆ ಕೂರಿಸಿದ ಕಾಲ್ದಾರಿ ಅದು. ಐರ್ಲೆಂಡಿನ ಕೊರ್ಲಿಯ ಎಂಬಲ್ಲಿ ಕ್ರಿ.ಪೂ. 148ರ ಹಾದಿಯೊಂದು ಸಿಕ್ಕಿದೆ. ಅದರಲ್ಲಿ ಓಕ್ ಹಲಗೆಗಳು ಅಡ್ಡಡ್ಡಲಾಗಿ ಒತ್ತೊತ್ತಾಗಿವೆ. ಹೀಗೆ ಅಡ್ಡಕ್ಕೆ ಹಾಸುವ ಕ್ರಮವೇ ಮುಂದೆ ದಿಮ್ಮಿರಸ್ತೆಯಾಗಿ ಹಬ್ಬಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1865ರಲ್ಲಿ, ಜನರಲ್ ಷರ್ಮನ್ನನ ಸೈನ್ಯ ಕ್ಯಾರೊಲಿನಾ ಪ್ರಾಂತಗಳ ಜೌಗನ್ನು ದಾಟಿದ್ದು ದಾರಿಯುದ್ದಕ್ಕೂ ಮರ ಕಡಿದು ಅಡ್ಡ ಹಾಸಿಯೇ.

ರೈಲು ಬಂದಾಗ ಭಾರದ ಪ್ರಮಾಣವೇ ಬದಲಾಯಿತು. 1830ರಲ್ಲಿ ತೆರೆದ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗಕ್ಕೆ ಚಾಟ್ ಮಾಸ್ ಎಂಬ ಆಳವಾದ ಹುದುಲು ಅಡ್ಡ ಬಂದಿತ್ತು. ಸುರಿದ ಮಣ್ಣನ್ನೆಲ್ಲ ಅದು ನುಂಗುತ್ತಿತ್ತು. ಜಾರ್ಜ್ ಸ್ಟೀಫನ್‌ಸನ್ ತಳ ಮುಟ್ಟುವ ಯೋಚನೆಯನ್ನೇ ಬಿಟ್ಟು, ಕುರುಚಲು ಗಿಡ ಮತ್ತು ಹೆಣೆದ ತಡಿಕೆಗಳನ್ನು ಪದರಪದರವಾಗಿ ಹಾಸಿ, ಹಳಿಯನ್ನು ಹುದುಲಿನ ಮೇಲೆ ತೇಲಿಸಿದ. ಆ ಮಾರ್ಗದಲ್ಲಿ ಇಂದಿಗೂ ರೈಲು ಓಡುತ್ತಿದೆ. ಗಟ್ಟಿ ತಳ ಸಿಗದಿದ್ದರೂ ಭಾರವನ್ನು ಸಾಕಷ್ಟು ಹರಡಿದರೆ ಹುದುಲೇ ಹೊರುತ್ತದೆ ಎಂಬುದಕ್ಕೆ ಅದು ಪ್ರತ್ಯಕ್ಷ ಸಾಕ್ಷಿ.

1840ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಹಲಗೆ ರಸ್ತೆಗಳ ಭರಾಟೆ ಎದ್ದಿತು. ಹಲಗೆ ಕೆಲವೇ ವರ್ಷಗಳಲ್ಲಿ ಕೊಳೆಯುತ್ತಿದ್ದುದರಿಂದ ಭರಾಟೆ ಬೇಗ ತಣ್ಣಗಾಯಿತು. ಅಲ್ಲಿಯವರೆಗಿನ ಹಾಸುಗಳೆಲ್ಲ ಬಹುಮಟ್ಟಿಗೆ ಹಾಸಿದಲ್ಲೇ ಉಳಿದು ಮಣ್ಣಾಗುತ್ತಿದ್ದವು. ಎತ್ತಿಡುವ ಹಾಸಿನ ಸ್ಪಷ್ಟ ಮಾದರಿ ಕ್ಯಾಲಿಫೋರ್ನಿಯಾದ ಆಲ್ಗೊಡೋನೆಸ್ ಮರಳುದಿಬ್ಬಗಳಲ್ಲಿ ಕಾಣುತ್ತದೆ. 1916ರಲ್ಲಿ ಅಲ್ಲಿ 12 ಅಡಿ ಉದ್ದ, 8 ಅಡಿ ಅಗಲದ ಹಲಗೆ ಚೌಕಟ್ಟುಗಳನ್ನು ಮೊದಲೇ ಜೋಡಿಸಿ ತಂದು ರಸ್ತೆಯಾಗಿ ಹಾಸಿದರು. ಗಾಳಿಗೆ ಮರಳು ಬಂದು ಮುಚ್ಚಿದಾಗ ಚೌಕಟ್ಟನ್ನು ಎತ್ತಿ ಮತ್ತೆ ಮೇಲೆ ಕೂರಿಸುತ್ತಿದ್ದರು. 1926ರಲ್ಲಿ ಪಕ್ಕಾ ರಸ್ತೆ ಬರುವತನಕ ವಾಹನಗಳು ಅದರ ಮೇಲೆಯೇ ಸಾಗಿದವು.

ಯುದ್ಧಕಾಲದ ಜಿಗಿತ

ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಬೆಲ್ಜಿಯಮಿನ ಈಪ್ರ್ ಸುತ್ತಲಿನ ಕೆಸರಿನಲ್ಲಿ ಫಿರಂಗಿಗಳು ಹಲಗೆ ದಾರಿಯನ್ನು ಬಿಟ್ಟು ಕದಲುವಂತಿರಲಿಲ್ಲ. ಆದರೆ ಮರದಿಂದ ಲೋಹಕ್ಕೆ ನಿಜವಾದ ಜಿಗಿತ ಆದದ್ದು ಎರಡನೇ ಮಹಾಯುದ್ಧದಲ್ಲಿ. ಬಾಂಬರ್ ವಿಮಾನಗಳಿಗೆ ವಾರಗಳಲ್ಲಿ ಓಡುಹಾದಿ ಬೇಕಿತ್ತು, ಕಾಂಕ್ರೀಟಿಗೆ ಸಮಯವಿರಲಿಲ್ಲ. ಬ್ರಿಟನ್ನಿನಲ್ಲಿ, ಜರ್ಮನಿಯಿಂದ ಬಂದು ನೆಲೆಸಿದ್ದ ಎಂಜಿನಿಯರ್ ಕರ್ಟ್ ಸಾಮರ್‌ಫೆಲ್ಡ್ ತಂತಿಬಲೆಗೆ ಉಕ್ಕಿನ ಸರಳು ಸೇರಿಸಿ ಸುರುಳಿ ಸುತ್ತಬಹುದಾದ ಹಾಸು ರೂಪಿಸಿದ. ಅಮೆರಿಕದಲ್ಲಿ ಉಕ್ಕಿನ ತೂತುಹಲಗೆ ಬಂತು. 1941ರ ನವೆಂಬರಿನಲ್ಲಿ ಉತ್ತರ ಕ್ಯಾರೊಲಿನಾದ ಮಾರ್ಸ್ಟನ್ ಊರಿನ ಬಳಿ ಮೊದಲು ಹಾಸಿದ್ದರಿಂದ ಅದಕ್ಕೆ ಮಾರ್ಸ್ಟನ್ ಚಾಪೆ ಎಂಬ ಹೆಸರೇ ನಿಂತಿತು.

ಆ ಹಲಗೆಯ ರಚನೆ ಗಮನಿಸುವಂಥದ್ದು. ಉದ್ದ 10 ಅಡಿ, ಅಗಲ 15 ಇಂಚು, ತೂಕ 66 ಪೌಂಡ್, ಅಂದರೆ ಸುಮಾರು 30 ಕಿಲೋ. ಇಬ್ಬರು ಆರಾಮಾಗಿ ಹೊರಬಹುದು. ಮೂರು ಸಾಲಿನಲ್ಲಿ 87 ತೂತು. ತೂತು ತೂಕ ಇಳಿಸುತ್ತಿತ್ತು. ತೂತಿನ ಅಂಚನ್ನು ಕೆಳಕ್ಕೆ ಮಡಿಸಿದ್ದರಿಂದ ತಗಡಿಗೆ ಬಿಗಿತ ಬರುತ್ತಿತ್ತು. ಉದ್ದದ ಒಂದು ಬದಿಯಲ್ಲಿ ಕೊಕ್ಕೆ, ಇನ್ನೊಂದು ಬದಿಯಲ್ಲಿ ಸೀಳುಗಂಡಿ. ಕೊಕ್ಕೆಯನ್ನು ಗಂಡಿಗೆ ತೂರಿಸಿ ಸರಿಸಿದರೆ ಹಲಗೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿದ್ದವು. 5,000 ಅಡಿ ಉದ್ದ, 150 ಅಡಿ ಅಗಲದ ಓಡುಹಾದಿಗೆ ಇಂಥ 60,000 ಹಲಗೆ ಬೇಕು. ಒಟ್ಟು ತೂಕ 1,800 ಟನ್ನಿನಷ್ಟು. ದೋಷವೂ ತೂತಿನಲ್ಲೇ ಇತ್ತು. ನೆಲ ನೆನೆದಾಗ ಚಕ್ರದ ಒತ್ತಡಕ್ಕೆ ಕೆಸರು ತೂತಿನಿಂದ ಮೇಲಕ್ಕೆ ಚಿಮ್ಮಿ, ಹಾಸಿನ ಕೆಳಗೆ ಟೊಳ್ಳು ಬೀಳುತ್ತಿತ್ತು. ಈಶಾನ್ಯ ಭಾರತದ ಯುದ್ಧಕಾಲದ ವಿಮಾನನೆಲೆಗಳಿಗೂ ಇವು ಬಂದವು. ಅರುಣಾಚಲದ ಮೆಚುಕಾದಲ್ಲಿ ಇಂಥ ಉಕ್ಕಿನ ಹಾಸಿನ ಓಡುಹಾದಿ ಬಹುಕಾಲ ಬಳಕೆಯಲ್ಲಿತ್ತು.

ಬರ್ಮಾ ರಂಗದಲ್ಲಿ ಬೇರೆ ಉಪಾಯ ಹುಟ್ಟಿತು. ಸೆಣಬಿನ ಗೋಣಿಬಟ್ಟೆಯನ್ನು ಡಾಂಬರಿನಲ್ಲಿ ಅದ್ದಿ, ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಹಾಸಿ, ಹದಮಾಡಿದ ಮಣ್ಣಿನ ಮೇಲ್ಮೈಯನ್ನು ಮುಚ್ಚುತ್ತಿದ್ದರು. ಬ್ರಿಟಿಷ್ ಜನರಲ್ ಸ್ಲಿಮ್‌ನ 14ನೇ ಸೈನ್ಯದ ಎಂಜಿನಿಯರುಗಳು ತಾಮು–ಕಲೇವಾ ರಸ್ತೆಗೆ ಇದನ್ನೇ ಬಳಸಿದರು. ಬಟ್ಟೆ ಭಾರವನ್ನು ಹೆಚ್ಚೇನೂ ಹರಡದು. ಮಳೆನೀರು ಒಳಗಿಳಿಯದಂತೆ ತಡೆಯುತ್ತದೆ. ಒಣಗಿದ ಮಣ್ಣಿನ ಬಲವನ್ನು ಒಣಗಿದಂತೆಯೇ ಉಳಿಸಿಕೊಳ್ಳುವುದೂ ಒಂದು ದಾರಿ ಎಂಬುದು ಇಲ್ಲಿಯ ಪಾಠ.

ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿಸುವ ಸಿದ್ಧತೆ ಇನ್ನೊಂದು ಪಾಠ ಕಲಿಸಿತು. ಆ ತೀರದಲ್ಲಿ ಮರಳಿನಡಿ ಮೆತ್ತನೆಯ ಜೇಡಿ, ಸಸ್ಯಗೊಬ್ಬರದಂಥ ಪೀಟ್ ಇರಬಹುದೆಂಬ ಅನುಮಾನವಿತ್ತು. 1943ರ ಕೊನೆಯ ರಾತ್ರಿ ಲೋಗನ್ ಸ್ಕಾಟ್-ಬೌಡನ್ ಮತ್ತು ಬ್ರೂಸ್ ಆಗ್ಡನ್-ಸ್ಮಿತ್ ಎಂಬ ಇಬ್ಬರು ಶತ್ರು ಕಾವಲಿನ ನಡುವೆಯೇ ಈಜಿ ದಡ ಸೇರಿ, ಬೈರಿಗೆಯಿಂದ ಮಣ್ಣು ತೆಗೆದುಕೊಂಡು ಮರಳಿದರು. ಮೆತ್ತನೆ ಜಾಗಗಳಿಗಾಗಿ ಚರ್ಚಿಲ್ ಟ್ಯಾಂಕಿನ ಮುಂದೆ ದೊಡ್ಡ ಉರುಳೆ ಕಟ್ಟಿ, ಮುಂದೆ ಸಾಗಿದಂತೆ ಕ್ಯಾನ್ವಾಸ್ ಹಾಸು ತಾನೇ ಬಿಚ್ಚಿಕೊಳ್ಳುವ ವ್ಯವಸ್ಥೆ ಮಾಡಲಾಯಿತು. ಮಣ್ಣು ನೋಡದೆ ಹಾಸು ಆರಿಸಬಾರದೆಂಬ ನಿಯಮಕ್ಕೆ ಇದಕ್ಕಿಂತ ದಿಟ್ಟ ಉದಾಹರಣೆ ಸಿಗುವುದು ಕಷ್ಟ.

ಯುದ್ಧಾನಂತರ ಜೆಟ್ ವಿಮಾನಗಳ ಟೈರಿನ ಒತ್ತಡ ಹೆಚ್ಚಿತು. ತೂತಿಲ್ಲದ ಅಲ್ಯೂಮಿನಿಯಂ ಹಲಗೆಗಳು ಬಂದವು. 1965ರಲ್ಲಿ ವಿಯೆಟ್ನಾಮಿನ ಚು ಲಾಯ್ ಮರಳಿನ ಮೇಲೆ ಹಾಸಿದ ಎಎಂ-2 ಹಲಗೆ 12 ಅಡಿ ಉದ್ದ, 2 ಅಡಿ ಅಗಲ, ಒಂದೂವರೆ ಇಂಚು ದಪ್ಪದ ಟೊಳ್ಳು ಗರ್ಭದ ಹಾಸು.

ಅಂದಾಜಿನಿಂದ ಶಾಸ್ತ್ರಕ್ಕೆ

ಹಾಸುಗಳ ಜೊತೆಗೇ ಮಣ್ಣಿನ ಶಾಸ್ತ್ರವೂ ಬೆಳೆಯಿತು. ಲುಡ್‌ವಿಗ್ ಪ್ರಾಂಟ್ಲ್ 1920ರಲ್ಲಿ ಕೊಟ್ಟ ಗಣಿತದಿಂದಲೇ ಮೇಲೆ ಹೇಳಿದ 5.14 ಎಂಬ ಸಂಖ್ಯೆ ಬಂದದ್ದು. ಕಾರ್ಲ್ ಟೆರ್ಜಾಗಿ 1943ರ ತನ್ನ ಗ್ರಂಥದಲ್ಲಿ ಅಡಿಪಾಯದ ಧಾರಣಶಕ್ತಿಗೆ ಬಳಕೆಯೋಗ್ಯ ಸೂತ್ರ ಕೊಟ್ಟ. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯಲ್ಲಿ ಹುಟ್ಟಿದ, ಮಣ್ಣಿನ ಹೊರುವ ಬಲ ಅಳೆಯುವ ಸಿಬಿಆರ್ ಪರೀಕ್ಷೆಯನ್ನು ಅಮೆರಿಕದ ಸೈನ್ಯ ಓಡುಹಾದಿಗಳಿಗೆ ಅಳವಡಿಸಿಕೊಂಡಿತು. ಇಂದು ಭಾರತದ ರಸ್ತೆ ಎಂಜಿನಿಯರುಗಳಿಗೂ ಅದೇ ದಿನಬಳಕೆಯ ಅಳತೆ. 1970ರ ದಶಕದಿಂದ ಜಿಯೋಟೆಕ್ಸ್‌ಟೈಲ್ ಮತ್ತು ಜಿಯೋಗ್ರಿಡ್‌ಗಳು ಬಂದು, ಜಲ್ಲಿಯ ಕೆಳಗೆ ಹಾಸಿ ತಾತ್ಕಾಲಿಕ ರಸ್ತೆ ಮಾಡುವ ಸೋದರ ವಿಧಾನವನ್ನು ಬೆಳೆಸಿದವು. ಪೈಲಿಂಗ್ ಯಂತ್ರಗಳು ಉರುಳುವ ಅಪಾಯವನ್ನು ತಡೆಯಲು ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆ ಬಿಆರ್‌ಇ 2004ರಲ್ಲಿ ಕೆಲಸದ ಅಂಗಳಗಳ ವಿನ್ಯಾಸಕ್ಕೆ ಕೈಪಿಡಿ ಹೊರತಂದಿತು.

ಮರ, ಉಕ್ಕು, ಪ್ಲಾಸ್ಟಿಕ್

ಹೈಡ್ರಾಲಿಕ್ ಕ್ರೇನುಗಳು ದೊಡ್ಡದಾದಂತೆ ಭಾರ ನಾಲ್ಕೇ ಪಾದಗಳ ಮೇಲೆ ಕೇಂದ್ರೀಕರಿಸಿತು. ಇದಕ್ಕೆ ಉತ್ತರವಾಗಿ ನಿಂತದ್ದು ತೊಲೆಹಾಸು. ಒಂದಡಿ ದಪ್ಪದ ತೊಲೆಗಳನ್ನು ನಾಲ್ಕಡಿ ಅಗಲಕ್ಕೆ ಜೋಡಿಸಿ ಉದ್ದನೆಯ ಬೋಲ್ಟುಗಳಿಂದ ಬಿಗಿದದ್ದು ಅದು. 20 ಅಡಿ ಉದ್ದದ ಓಕ್ ಹಾಸು ಎರಡು ಟನ್ನಿನ ಆಸುಪಾಸು ತೂಗುತ್ತದೆ. ಯುರೋಪಿನಲ್ಲಿ ಪಶ್ಚಿಮ ಆಫ್ರಿಕಾದ ಎಕ್ಕಿ ಮರಕ್ಕೂ ಬೇಡಿಕೆ ಇದೆ. ಈಚೆಗೆ ಪೈನ್ ಹಲಗೆಗಳನ್ನು ಪದರದ ಮೇಲೆ ಪದರ ಅಡ್ಡಡ್ಡ ಅಂಟಿಸಿದ ಹಾಸುಗಳು ಬಂದಿವೆ. ಇವು ಹಗುರ, ಅಳತೆಯಲ್ಲಿ ಏಕರೂಪ.

ಲೂಸಿಯಾನದ ಜೌಗಿನಲ್ಲಿ ತೈಲಬಾವಿಗಳಿಗೆ ಹೋಗಲು ಬಹುಕಾಲ ಮರದ ಹಲಗೆಯನ್ನೇ ಹಾಸುತ್ತಿದ್ದರು. 1990ರ ದಶಕದಲ್ಲಿ ಅಲ್ಲಿ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಸುಗಳು ಬಳಕೆಗೆ ಬಂದವು. ಇವು ಕೊಳೆಯವು, ನೀರು ಕುಡಿಯವು, ತೊಳೆದರೆ ಸ್ವಚ್ಛವಾಗುತ್ತವೆ. ಆದರೆ ಬಿಗಿತದಲ್ಲಿ ಹಿಂದೆ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 200 ಗಿಗಾಪಾಸ್ಕಲ್, ಓಕ್ ಮರದ್ದು 12ರ ಹತ್ತಿರ, ಎಚ್‌ಡಿಪಿಇಯದ್ದು 1ರ ಸುತ್ತಮುತ್ತ. ಆದ್ದರಿಂದ ವಾಹನಗಳು ಓಡಾಡುವ ದಾರಿಗೆ ಪ್ಲಾಸ್ಟಿಕ್ ಒಳ್ಳೆಯದು; ಕ್ರೇನಿನ ಪಾದದಡಿಗೆ ದಪ್ಪ ಮರ ಅಥವಾ ಪಟ್ಟಿ ಬೆಸೆದ ಉಕ್ಕಿನ ಚೌಕಟ್ಟು ಬೇಕು. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ ಕೂಡ. 4 ಮೀಟರ್ ಉದ್ದದ ಹಲಗೆ 30 ಡಿಗ್ರಿ ಹೆಚ್ಚು ಕಾದರೆ ಸುಮಾರು ಎರಡು ಸೆಂಟಿಮೀಟರ್ ಬೆಳೆಯುತ್ತದೆ. ಆ ಅಂತರವನ್ನು ಕೂಡುಗೀಲಿನಲ್ಲಿ ಬಿಡದಿದ್ದರೆ ಹಾಸು ಉಬ್ಬಿ ಏಳುತ್ತದೆ.

ನೆಲದ ಪರವಾಗಿ

ಭಾರದ ಯಂತ್ರ ಒಮ್ಮೆ ತುಳಿದ ಹೊಲದಲ್ಲಿ ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗದೆ, ಬೇರು ಇಳಿಯದೆ ವರ್ಷಗಟ್ಟಲೆ ಇಳುವರಿ ಸೊರಗಬಹುದು. ಜೌಗುಭೂಮಿಯಲ್ಲಿ ಗಾಲಿಯ ಒಂದು ಹಳ್ಳವೇ ನೀರಿನ ಹರಿವನ್ನು ತಿರುಗಿಸಬಲ್ಲದು. ಜಲ್ಲಿ ಸುರಿದರೆ ಅದನ್ನು ಪೂರ್ತಿ ಹೆಕ್ಕಿ ತೆಗೆಯುವುದು ಅಸಾಧ್ಯ. ಹಾಸನ್ನು ಎತ್ತಿಬಿಟ್ಟರೆ ಹುಲ್ಲು ಮತ್ತೆ ಚಿಗುರುತ್ತದೆ. ವಿದ್ಯುತ್ ಮಾರ್ಗ ಮತ್ತು ಅನಿಲ ಕೊಳವೆಯ ಕಾಮಗಾರಿಗಳಲ್ಲಿ ನೆಲಹಾಸು ಹಲವು ದೇಶಗಳಲ್ಲಿ ಪರಿಸರ ಅನುಮತಿಯ ಭಾಗವಾದದ್ದು ಇದೇ ಕಾರಣಕ್ಕೆ. ಆದರೆ ಹಾಸು ತನ್ನೊಂದಿಗೆ ಒಂದು ಊರಿನ ಕಳೆಬೀಜವನ್ನು ಇನ್ನೊಂದು ಊರಿಗೆ ಹೊತ್ತೊಯ್ಯಬಲ್ಲದು. ಹಾಗಾಗಿ ಸಾಗಿಸುವ ಮುನ್ನ ತೊಳೆಯುವುದು ಕೆಲಸದ ಕಡ್ಡಾಯ ಹಂತ. ತಿಂಗಳುಗಟ್ಟಲೆ ಹಾಸಿಟ್ಟರೆ ಅಡಿಯ ಹುಲ್ಲು ಬಿಳಿಚಿ ಸಾಯುತ್ತದೆ; ಆದಷ್ಟು ಬೇಗ ಎತ್ತುವುದೂ ವಿನ್ಯಾಸದಲ್ಲಿ ಸೇರಿದೆ.

ಕರ್ನಾಟಕದಲ್ಲಿ ಈ ಪ್ರಶ್ನೆ ಉತ್ತರದ ಎರೆಭೂಮಿಯಲ್ಲಿ ಎದುರಾಗುತ್ತದೆ. ಗದಗ ಸೀಮೆಯ ಗಾಳಿಯಂತ್ರಗಳಿಗೂ ವಿದ್ಯುತ್ ಗೋಪುರಗಳಿಗೂ ಭಾರಿ ಕ್ರೇನು ಹೊಲ ದಾಟಿಯೇ ಹೋಗಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುವ ಎರೆಮಣ್ಣು ಮಳೆ ಬಿದ್ದೊಡನೆ ಉಬ್ಬಿ ಜಾರುತ್ತದೆ. ಒಂದೇ ನೆಲಕ್ಕೆ ಎರಡು ಋತುಗಳಲ್ಲಿ ಎರಡು ಧಾರಣಶಕ್ತಿ ಇರುವುದರಿಂದ, ಬೇಸಿಗೆಯ ಪರೀಕ್ಷೆಯನ್ನು ನಂಬಿ ಮಳೆಗಾಲದಲ್ಲಿ ಭಾರ ಎತ್ತುವಂತಿಲ್ಲ. ದೇಶದ ಕಾಮಗಾರಿ ಸ್ಥಳಗಳಲ್ಲಿ ಸಾಮಾನ್ಯವಾಗಿ ಕಾಣುವುದು ಉಕ್ಕಿನ ಪ್ಲೇಟು ಮತ್ತು ಹಳೆಯ ರೈಲ್ವೆ ಸ್ಲೀಪರು. ತೆಳು ಪ್ಲೇಟು ಬಾಗಿದರೆ ಅಗಲವಿದ್ದೂ ಪ್ರಯೋಜನವಿಲ್ಲ. ಸ್ಲೀಪರುಗಳು ಒಂದಕ್ಕೊಂದು ಬಿಗಿದಿರದಿದ್ದರೆ ಪ್ರತಿಯೊಂದೂ ಒಂಟಿಯಾಗಿ ಇಳಿಯುತ್ತದೆ.

ಇಂದಿನ ಒಳ್ಳೆಯ ಪದ್ಧತಿಯ ಕ್ರಮ ಸ್ಪಷ್ಟವಾಗಿದೆ. ಮೊದಲು ಮಣ್ಣಿನ ಪರೀಕ್ಷೆ, ಹೂತ ಕೊಳವೆ, ಮುಚ್ಚಿದ ಬಾವಿ, ಹಳೆಯ ಗುಂಡಿಗಳ ಶೋಧ. ಬಳಿಕ ಯಂತ್ರದ ಅತಿ ಹೆಚ್ಚಿನ ಪಾದಭಾರ; ಕ್ರೇನಿನ ಕೈ ತಿರುಗಿದಂತೆ ಅದು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ. ಅನಂತರ ಹಾಸನ್ನು ತೊಲೆಯೆಂದು ಭಾವಿಸಿ ಅದರ ಬಾಗು, ಕತ್ತರಿಕೆ, ಇಳಿತಗಳ ಲೆಕ್ಕ. ನಿಜವಾಗಿ ದುಡಿಯುವ ಉದ್ದವೆಷ್ಟು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಹಾಸಿನ ಸ್ವಂತ ತೂಕವನ್ನೂ ನೆಲವೇ ಹೊರಬೇಕಾದ್ದರಿಂದ ಅದೂ ಲೆಕ್ಕಕ್ಕೆ ಸೇರುತ್ತದೆ. ಮರದ ಹಾಸಿನಲ್ಲಿ ಕೊಳೆತ, ಸೀಳು, ಸಡಿಲಾದ ಬೋಲ್ಟು, ಪ್ಲಾಸ್ಟಿಕ್ಕಿನಲ್ಲಿ ಬಿರುಕು, ಮುರಿದ ಗೀಲುಗಳನ್ನು ಪ್ರತಿ ಬಳಕೆಗೂ ಮುನ್ನ ನೋಡಬೇಕು. ಒಳ್ಳೆಯ ಮಳೆಯಾದ ಮೇಲೆ ಹಾಸಿನ ಕೆಳಗೆ ಟೊಳ್ಳು ಬಿದ್ದಿದೆಯೇ ಎಂದು ಮತ್ತೊಮ್ಮೆ ತಪಾಸಣೆ ಬೇಕು. ವಸ್ತು ಯಾವುದಾದರೂ ಇರಲಿ, ಕೊನೆಗೆ ಭಾರ ಹೊರುವುದು ಮಣ್ಣು. ಆ ಮಣ್ಣಿನ ಶಕ್ತಿಯನ್ನು ಅಳೆದು, ಅದರ ಮಿತಿಯೊಳಗೇ ಕೆಲಸ ಮುಗಿಸಿ, ಇದ್ದ ಸ್ಥಿತಿಯಲ್ಲೇ ಅದನ್ನು ಹೊಲದವನಿಗೆ ಮರಳಿಸಿದಾಗ ನೆಲಹಾಸಿನ ಕೆಲಸ ಪೂರ್ತಿಯಾಗುತ್ತದೆ.