ಕ್ಷೀರಭಾಗ್ಯ

ಶಾಲೆ, ಅಂಗನವಾಡಿ ಮಕ್ಕಳಿಗೆ ಹಾಲು ಕೊಡಲು ಕರ್ನಾಟಕ ಸರ್ಕಾರ 2013ರ ಆಗಸ್ಟ್ 1ರಂದು ಆರಂಭಿಸಿದ ಯೋಜನೆ. ಸರ್ಕಾರಿ ಖರೀದಿ ಸಹಕಾರಿ ವಲಯಕ್ಕೆ ಬಲ ತುಂಬಿದ್ದಕ್ಕೆ ನಾಡಿನ ಎದ್ದುಕಾಣುವ ಉದಾಹರಣೆ. ಹಾಲಿನ ಪುಡಿ ಬರುವುದು ಉತ್ಪಾದಕರ ಸಂಘಗಳ ಮೇಲೆ ನಿಂತ ಕರ್ನಾಟಕ ಹಾಲು ಮಹಾಮಂಡಳದಿಂದ. ಮಗುವೊಂದಕ್ಕೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು. ವಾರಕ್ಕೆ ಮೂರು ದಿನವಿದ್ದದ್ದು 2017ರಲ್ಲಿ ಐದು ದಿನವಾಯಿತು. ಪೌಷ್ಟಿಕತೆಯ ಮಾತು ಮುಂದಿದ್ದರೂ, ಮಹಾಮಂಡಳದ ಹಾಲು ಒಕ್ಕೂಟಗಳಲ್ಲಿ ಮಿಕ್ಕುತ್ತಿದ್ದ ಹಾಲಿಗೆ ಖಾತ್ರಿ ಗಿರಾಕಿ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ.

ಈ ಹಾಲು ಎಲ್ಲ ಕಡೆಯೂ ಸ್ಥಳೀಯವಲ್ಲ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಡಿಕೆ, ಕಾಫಿ ತೋಟಗಳ ಸೀಮೆ. ಹೈನು ಇಲ್ಲಿ ಉಪಕಸುಬು. ಆದ್ದರಿಂದ ಇಲ್ಲಿನ ಶಾಲೆಗಳ ಲೋಟ ತುಂಬಿಸುವುದು ಬಹುಪಾಲು ಬಯಲುಸೀಮೆಯ ಕೊಟ್ಟಿಗೆಗಳೇ ಎನ್ನಬೇಕು.

ಇನ್ನು ಖರೀದಿಯ ಕ್ರಮ: ಸರ್ಕಾರಿ ಖರೀದಿಗೆ ರಾಜ್ಯದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಸಾಮಾನ್ಯ ನಿಯಮ. ಆದರೆ ಅದರ 4(ಜಿ) ಕಲಮಿನಡಿ ಅಧಿಸೂಚನೆ ಹೊರಡಿಸಿ ಇಂಥ ಖರೀದಿಗೆ ವಿನಾಯಿತಿ ಕೊಡಲು ಅವಕಾಶವಿದೆ.